ಉಳಿದವೆಲ್ಲ ಹೆಣ್ಣು
(ನವಸಾಕ್ಷರ ಮಹಿಳೆಯರ ಕೂಟದಲ್ಲಿ ಆಡಿದ ಮಾತು)

ಅಕ್ಕಂದಿರೆ, ತಂಗಿಯರೆ, ತಾಯಂದಿರೆ,

ದೇವದುರ್ಗ, ಮಾನ್ವಿಯಿಂದ ಬಸ್ಸು ಹತ್ತಿ ರಾಯಚೂರಿಗೆ ಬಂದಿದ್ದೀರಿ. ಬೆಳಕು ಹರಿಯುವ ಮುಂಚೆ ಎದ್ದು ರೊಟ್ಟಿ ಬಡಿದು ಬಂದಿದ್ದೀರಿ. ಇವತ್ತು ಪಾಠ ಬೇಡ. ಒಂದು ಕತೆ ಹೇಳುತ್ತೇವೆ.

ನಾವು ಮನೆ ಮನೆಗೆ ಹೋದಾಗ ಕೇಳುತ್ತೇವೆ, "ಮಕ್ಕಳು ಎಷ್ಟವ್ವ?" ಅಂತ. "ಒಬ್ಬ ಮಗ ಅದಾನ್ರಿ. ಉಳಿದವೆಲ್ಲ ಹೆಣ್ಣು" ಅಂತಾರೆ. ಮಗನಿಗೆ ಹೆಸರು ಇದೆ. ಹೆಣ್ಣುಮಕ್ಕಳು ಮಾತ್ರ 'ಉಳಿದವು'. ಹೀಗೆ ಲೆಕ್ಕದಲ್ಲಿ ಉಳಿದುಹೋದ ಹೆಣ್ಣುಮಕ್ಕಳ ಕತೆಯನ್ನೇ ಒಬ್ಬ ಹೆಣ್ಣುಮಗಳು ಬರೆದಳು.

ಅವಳ ಹೆಸರು ಲೂಯಿಸಾ ಮೇ ಆಲ್ಕಾಟ್. ಅಮೆರಿಕ ದೇಶದವಳು. ಪುಸ್ತಕದ ಹೆಸರು 'ಲಿಟಲ್ ವಿಮೆನ್'. ಅಂದರೆ 'ಪುಟ್ಟ ಹೆಂಗಸರು'. ಅದರ ಮೊದಲ ಭಾಗ 1868ರಲ್ಲಿ ಅಚ್ಚಾಯಿತು. ಮರುವರ್ಷ ಎರಡನೆಯ ಭಾಗ ಬಂತು. ನೂರೈವತ್ತು ವರ್ಷ ದಾಟಿದರೂ ಜನ ಅದನ್ನು ಇನ್ನೂ ಓದುತ್ತಾರೆ.

ನಾಲ್ವರು ಅಕ್ಕತಂಗಿಯರು

ಆ ಮನೆಯಲ್ಲಿ ನಾಲ್ಕು ಹೆಣ್ಣುಮಕ್ಕಳು. ದೊಡ್ಡಾಕೆ ಮೆಗ್, ಹದಿನಾರು ವರ್ಷ. ಎರಡನೆಯವಳು ಜೋ, ಹದಿನೈದು. ಮೂರನೆಯವಳು ಬೆತ್, ಹದಿಮೂರು. ಸಣ್ಣಾಕೆ ಏಮಿ, ಹನ್ನೆರಡು. ಅಪ್ಪ ಗೆಳೆಯನಿಗೆ ನೆರವಾಗಲು ಹೋಗಿ ಆಸ್ತಿ ಕಳೆದುಕೊಂಡಿದ್ದ. ಈಗ ಯುದ್ಧದ ಕಡೆ ಹೋಗಿದ್ದಾನೆ. ಮನೆಯ ಭಾರವೆಲ್ಲ ತಾಯಿಯ ಮೇಲೆ.

ಮೆಗ್ ಬೇರೆಯವರ ಮಕ್ಕಳಿಗೆ ಪಾಠ ಹೇಳಿ ದುಡಿಯುತ್ತಾಳೆ. ಜೋ ಸಿಡುಕಿನ ಮುದುಕಿಯೊಬ್ಬಳ ಚಾಕರಿ ಮಾಡುತ್ತಾಳೆ. ಮುದುಕಿ ಅವರ ಬಳಗದವಳೇ. ಬೆತ್ ಮನೆಗೆಲಸ ನೋಡುತ್ತಾಳೆ. ಏಮಿ ಸಾಲಿಗೆ ಹೋಗುತ್ತಾಳೆ.

ದುಡಿಮೆ ಬೇರೆ, ಆಸೆ ಬೇರೆ. ಮೆಗ್‌ಗೆ ಚೆಂದದ ಬಟ್ಟೆಯ ಆಸೆ. ಜೋಗೆ ಕತೆ ಬರೆಯುವ ಆಸೆ. ಬೆತ್‌ಗೆ ಸಂಗೀತ. ಏಮಿಗೆ ಚಿತ್ರ. ತಾಯಿಯ ಕೈಯಲ್ಲಿ ದುಡ್ಡಿಲ್ಲ. ಆದರೂ ಯಾವ ಮಗಳ ಮನಸ್ಸಿನಲ್ಲಿ ಏನಿದೆ ಎಂದು ಅವಳಿಗೆ ಗೊತ್ತು. ಬಡವಿಯಾದ ಆ ತಾಯಿಯ ದೊಡ್ಡತನ ಇದು.

ಸುಟ್ಟ ಪುಸ್ತಕ, ಮಾರಿದ ಕೂದಲು

ಒಂದು ದಿನ ಅಕ್ಕಂದಿರು ನಾಟಕ ನೋಡಲು ಹೊರಟರು. ಏಮಿಯನ್ನು ಕರೆದುಕೊಂಡು ಹೋಗಲಿಲ್ಲ. ಏಮಿಗೆ ಸಿಟ್ಟು ಬಂತು. ಜೋ ಕೈಯಿಂದ ಬರೆದಿಟ್ಟ ಕತೆಗಳ ಪುಸ್ತಕವನ್ನು ಬೆಂಕಿಗೆ ಹಾಕಿದಳು. ಅದು ಹಲವು ವರ್ಷಗಳ ಬರವಣಿಗೆ.

ಇದನ್ನು ರಾಯಚೂರಿನ ಒಂದು ಓಣಿಯಲ್ಲಿ ಹೇಳಿದೆವು. ಒಬ್ಬ ತಾಯಿ, "ನಾ ಅಕ್ಷರ ತಿದ್ದಿದ ಹಾಳಿ ಹರಿದು ನಮ್ಮನ್ಯಾಗ ಒಲಿ ಹೊತ್ತಿಸ್ಯಾರ್ರಿ" ಅಂದರು. ಯಾರೂ ನಗಲಿಲ್ಲ. ಬರೆದವಳಿಗೇ ಗೊತ್ತು ಹಾಳೆಯ ಬೆಲೆ.

ಆಮೇಲೆ ಅಪ್ಪನಿಗೆ ಕಾಯಿಲೆ ಎಂದು ತಂತಿ ಬಂತು. ತಾಯಿ ದೂರದ ಆಸ್ಪತ್ರೆಗೆ ಹೋಗಬೇಕು. ಜೋ ಹೊರಗೆ ಹೋಗಿ ತನ್ನ ಉದ್ದನೆಯ ಕೂದಲು ಮಾರಿ ಬಂದಳು. ಇಪ್ಪತ್ತೈದು ಡಾಲರು ತಾಯಿಯ ಕೈಗಿಟ್ಟಳು. ಡಾಲರು ಅಂದರೆ ಆ ದೇಶದ ದುಡ್ಡು. ಹಗಲೆಲ್ಲ ನಗುತ್ತಾ ಇದ್ದಳು. ರಾತ್ರಿ ಹಾಸಿಗೆಯಲ್ಲಿ ಕೂದಲಿಗಾಗಿ ಅತ್ತಳು.

ಮಾನ್ವಿಯಲ್ಲಿ ಒಬ್ಬ ಅಕ್ಕ, "ನಾನೂ ಅಪ್ಪನ ದವಾಖಾನಿಗೆ ಬೆಂಡೋಲಿ ಮಾರೀನಿ. ಅತ್ತಿದ್ದು ಯಾರಿಗೂ ಗೊತ್ತಿಲ್ಲ" ಅಂದರು.

ಬಾಯಿ ಬಿಡದ ಮಗಳು

ಈಗ ಬೆತ್ ಮಾತು. ನೆರೆಯಲ್ಲಿ ಇನ್ನೂ ಬಡವರ ಮನೆ ಒಂದಿತ್ತು. ಅಲ್ಲಿ ಕೂಸಿಗೆ ಜ್ವರ. ತಾಯಿ ಊರಲ್ಲಿಲ್ಲ. "ಯಾರಾದರೂ ಹೋಗಿ ನೋಡಿರಿ" ಎಂದು ಬೆತ್ ಅಕ್ಕಂದಿರಿಗೆ ಹೇಳಿದಳು. ಒಬ್ಬಳಿಗೆ ದಣಿವು. ಒಬ್ಬಳಿಗೆ ಬರವಣಿಗೆ. ಕಡೆಗೆ ತಲೆನೋವಿದ್ದರೂ ಬೆತ್ ತಾನೇ ಹೋದಳು. ಕೂಸು ಅವಳ ತೊಡೆಯ ಮೇಲೇ ಸತ್ತಿತು. ಅದೇ ಜ್ವರ ಅವಳಿಗೂ ಹತ್ತಿತು. ಆ ಸಲ ಬದುಕಿದಳು. ಆದರೆ ಮೈಯಲ್ಲಿ ಮೊದಲಿನ ಬಲ ಬರಲಿಲ್ಲ. ಕೆಲವು ವರ್ಷಗಳ ಮೇಲೆ ತೀರಿಕೊಂಡಳು.

ದೇವದುರ್ಗದಲ್ಲಿ ಈ ಕತೆ ಕೇಳಿ ಒಬ್ಬ ತಾಯಿ ಸುಮ್ಮನೆ ಕುಳಿತರು. ಬಹಳ ಹೊತ್ತಾದ ಮೇಲೆ ಹೇಳಿದರು: "ನಮ್ಮನ್ಯಾಗೂ ಅಂಥಾಕಿ ಒಬ್ಬಾಕಿ ಅದಾಳ್ರಿ. ನಮ್ಮ ದೊಡ್ಡಾಕಿ. ಏನೂ ಕೇಳಂಗಿಲ್ಲ. ನಾವು ಹತ್ತಿ ಬಿಡಿಸಾಕ ಹೋದ್ರ ಕೂಸು ಆಕಿ ಹತ್ರಾನ. ಸಾಲಿ ಬಿಡಿಸಿ ಎರಡು ವರ್ಷ ಆತು. ಆಕಿ ಅಳಲಿಲ್ಲ. ಅದಕ್ಕ ಆಕಿಗಿ ಬ್ಯಾಸರ ಇಲ್ಲ ಅನಕೊಂಡಿದ್ನಿ."

ತಾಯಂದಿರೆ, ಅಳುವ ಮಗಳಿಗೆ ಏನಾದರೂ ಸಿಗುತ್ತದೆ. ಅಳದ ಮಗಳಿಗೆ ಕೆಲಸ ಸಿಗುತ್ತದೆ.

ಮೆಗ್ ಮದುವೆಯ ಮಾತೂ ಕೇಳಿರಿ. ಒಳ್ಳೆಯ ಹುಡುಗನೇ ಬಂದ. ಆದರೂ ಇಪ್ಪತ್ತು ತುಂಬುವತನಕ ಮದುವೆ ಬೇಡ ಎಂದು ತಾಯಿ ತಂದೆ ನಿಂತರು. ನಮ್ಮ ಕಾನೂನು ಹುಡುಗಿಗೆ ಹದಿನೆಂಟು ತುಂಬಬೇಕು ಎನ್ನುತ್ತದೆ. ನಾವು ಅಷ್ಟಕ್ಕೂ ಕಾಯುತ್ತೇವೆಯೆ?

ಬರೆದವಳ ಕತೆ

ಇದು ಬರೀ ಕಟ್ಟುಕತೆ ಅಲ್ಲ. ಲೂಯಿಸಾ ಮನೆಯಲ್ಲೂ ನಾಲ್ವರು ಹೆಣ್ಣುಮಕ್ಕಳೇ. ಜೋ ಎಂದರೆ ಬಹುಪಾಲು ಲೂಯಿಸಾನೇ. ಬೆತ್ ಎಂದರೆ ಅವಳ ತಂಗಿ ಎಲಿಜಬೆತ್. ಆ ತಂಗಿ 1858ರಲ್ಲಿ ತೀರಿಕೊಂಡಳು.

ಲೂಯಿಸಾ ಬಟ್ಟೆ ಹೊಲಿದಳು, ಪಾಠ ಹೇಳಿದಳು. 1851ರಲ್ಲಿ ಒಂದು ಮನೆಯಲ್ಲಿ ಕೆಲಸಕ್ಕೆ ನಿಂತಳು. ಏಳು ವಾರ ದುಡಿದಳು. ಸಿಕ್ಕಿದ್ದು ನಾಲ್ಕು ಡಾಲರು. ಕೂಲಿಯಲ್ಲಿ ಮೋಸ ಎಲ್ಲ ದೇಶದಲ್ಲೂ ಇದೆ ನೋಡಿರಿ.

ಆದರೆ ಅವಳಿಗೆ ಓದು ಬರಹ ಇತ್ತು. 'ಲಿಟಲ್ ವಿಮೆನ್' ಬರೆದಾಗ ಪುಸ್ತಕದ ಹಕ್ಕನ್ನು ಒಂದೇ ಸಲ ಮಾರಿಬಿಡಲಿಲ್ಲ. ತನ್ನ ಹೆಸರಿನಲ್ಲೇ ಇಟ್ಟುಕೊಂಡಳು. ಪುಸ್ತಕ ಮಾರಾಟವಾದಂತೆ ದುಡ್ಡು ಬಂತು. ಮನೆಯ ಹಳೆಯ ಸಾಲ ತೀರಿತು. ನಾವೂ ಯಾವ ಕಾಗದಕ್ಕೂ ಓದದೆ ಸಹಿ ಹಾಕಬಾರದು. 1879ರಲ್ಲಿ ಅವಳ ನಾಡಿನಲ್ಲಿ ಶಾಲಾ ಸಮಿತಿಯ ಚುನಾವಣೆಗೆ ಮಾತ್ರ ಹೆಂಗಸರಿಗೆ ಮತದ ಹಕ್ಕು ಸಿಕ್ಕಿತು. ಅವಳ ಊರಾದ ಕಾಂಕರ್ಡಿನಲ್ಲಿ ಹೆಸರು ಬರೆಸಿದ ಮೊದಲ ಹೆಂಗಸು ಲೂಯಿಸಾ.

ದೂರದ ಮಾತು ಯಾಕೆ? ನಮ್ಮ ಕಲಬುರಗಿ ಸೀಮೆಯ ಸಾವಳಗಿಯಲ್ಲಿ 1942ರಲ್ಲಿ ಗೀತಾ ನಾಗಭೂಷಣ ಅವರು ಹುಟ್ಟಿದರು. ಅವರ ತಂದೆ ಮಿಲ್ಲಿನ ಕೂಲಿ. ಮಗಳು ಓದಿದರು. ನಮ್ಮಂಥ ಬಡ ಹೆಂಗಸರ ಬಾಳನ್ನು ನಮ್ಮ ಮಾತಿನಲ್ಲೇ ಬರೆದರು. 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಹೆಣ್ಣುಮಗಳಿಗೆ ಅದು ಮೊದಲ ಸಲ ಸಿಕ್ಕಿತು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರು 2020ರಲ್ಲಿ ತೀರಿಕೊಂಡರು. ಬರೆದದ್ದು ಉಳಿದಿದೆ.

ಕಡೆಯ ಮಾತು

ದೇವದುರ್ಗದ ಆ ತಾಯಿ ಮರುವಾರ ನೋಟ್‌ಬುಕ್ಕು ತಂದು ತೋರಿಸಿದರು. ಅದರಲ್ಲಿ ಮಗಳ ಹೆಸರು ಬರೆದಿದ್ದರು. ಒತ್ತಕ್ಷರ ತಪ್ಪಿತ್ತು. ಕೆಳಗೆ ಒಂದೇ ಸಾಲು: 'ಸಾಲಿಗೆ ಹೋಗತೀನಿ ಅಂದಳು.' ಎರಡು ವರ್ಷದಲ್ಲಿ ಮೊದಲ ಸಲ ಕೇಳಿದ್ದರಂತೆ. ಅವರೂ ನಾವೂ ಕೂಡಿ ಸಾಲಿಯ ಹೆಡ್‌ಮಾಸ್ತರರ ಹತ್ತಿರ ಹೋದೆವು. ಕೂಸನ್ನು ಅಂಗನವಾಡಿಗೆ ಬಿಡುವ ಮಾತೂ ಆಯಿತು. ಶಾಲೆ ಬಿಟ್ಟ ಹುಡುಗಿಯರಿಗೆಂದೇ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳ ಯೋಜನೆ 2004ರಲ್ಲಿ ಬಂದಿದೆ. ಅಲ್ಲೇ ಉಳಿದು ಓದಬಹುದು. ನೀವೂ ಕೇಳಿ ತಿಳಿಯಿರಿ.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡೋಣ. ಒಬ್ಬೊಬ್ಬ ಮಗಳ ಹೆಸರನ್ನೂ ಬೇರೆ ಬೇರೆ ಬರೆಯೋಣ. ಹೆಸರಿನ ಮುಂದೆ ಅವಳ ಆಸೆ ಬರೆಯೋಣ. ಗೊತ್ತಿಲ್ಲದಿದ್ದರೆ ಕೇಳಿ ಬರೆಯೋಣ. ಯಾರಾದರೂ "ಮಕ್ಕಳು ಎಷ್ಟು?" ಅಂದರೆ ಎಲ್ಲರ ಹೆಸರೂ ಹೇಳೋಣ.

ಕೂಡಿ ಮಾತಾಡೋಣ

1. ನಾಲ್ವರಲ್ಲಿ ನಿಮ್ಮ ಹಾಗೆ ಇರುವವಳು ಯಾರು?
2. ನಿಮ್ಮ ಮನೆಯಲ್ಲಿ ಬಾಯಿ ಬಿಟ್ಟು ಕೇಳದ ಮಗಳು ಯಾರು?
3. ಅವಳು ಸಾಲಿಗೆ ಹೋಗಲು ಮನೆಯ ಯಾವ ಕೆಲಸ ಯಾರು ಹಂಚಿಕೊಳ್ಳಬೇಕು?