ಸವೆಯುವ ಪೈಪಿಗೆ ಸದ್ದಿಲ್ಲ

ಮೊನ್ನೆ ನಮ್ಮ ಕಲಿಕಾ ಕೇಂದ್ರದಲ್ಲಿ ಹಲಗೆಯ ಮೇಲೆ 'ಲಾರಿ' ಎಂದು ಬರೆದೆವು. ನೀವೆಲ್ಲ ಓದಿದಿರಿ. ಆಗ ಒಬ್ಬ ತಾಯಿ ಕೇಳಿದರು: "ನನ್ನ ಮಗ ಲಾರಿ ಕ್ಲೀನರು. ಶಿರಾಡಿ ಘಾಟಿಯಲ್ಲಿ ರಾತ್ರಿ ಹೊತ್ತು ಲಾರಿ ನಿಂತೇ ಹೋಯ್ತಂತೆ. ಗಾಳಿ ಪೈಪು ಸವೆದು ತೂತಾಗಿತ್ತಂತೆ. ಯಾರೂ ಮುಟ್ಟದ ಪೈಪು ಹೇಗೆ ಸವೀತದೆ ಟೀಚರ್?"

ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಎಷ್ಟೋ ಮನೆಗಳ ಅನ್ನ ಲಾರಿಯಿಂದಲೇ ಬರುತ್ತದೆ. ಕೆಲವರು ಸಾಲ ಮಾಡಿ ಲಾರಿ ಕೊಂಡಿದ್ದೀರಿ. ಆದ್ದರಿಂದ ಇವತ್ತು ಅದನ್ನೇ ಮಾತಾಡೋಣ.

ಬಾವಿ ಕಟ್ಟೆಯ ಕಲ್ಲು ನೋಡಿದ್ದೀರಲ್ಲ? ಹಗ್ಗ ಉಜ್ಜಿ ಉಜ್ಜಿ ಅದರಲ್ಲಿ ಗೀರು ಬಿದ್ದಿದೆ. ಹಗ್ಗ ಮೆತ್ತಗಿದೆ, ಕಲ್ಲು ಗಟ್ಟಿ. ಆದರೂ ಕಲ್ಲು ಸವೆಯಿತು. ಹಾಗಾದರೆ ಗಟ್ಟಿ ಕಬ್ಬಿಣಕ್ಕೆ ಮೆತ್ತನೆ ರಬ್ಬರ್ ಉಜ್ಜಿದರೆ ಏನಾಗಬೇಕು?

ಲಾರಿಯ ಅಡಿಯಲ್ಲಿ ಉದ್ದಕ್ಕೂ ಪೈಪುಗಳಿವೆ. ಬ್ರೇಕಿಗೆ ಗಾಳಿ ಪೈಪು, ಇಂಜಿನ್ನಿಗೆ ಡೀಸೆಲ್ ಪೈಪು, ಸ್ಟೇರಿಂಗಿಗೆ ಎಣ್ಣೆ ಪೈಪು. ಜೊತೆಗೆ ಬ್ಯಾಟರಿಯ ದಪ್ಪ ವೈರು. ಇಂಜಿನ್ ಓಡುವಾಗ ಎಲ್ಲವೂ ನಡುಗುತ್ತವೆ. ಹೊಂಡಕ್ಕೆ ಬಿದ್ದಾಗ ಕುಣಿಯುತ್ತವೆ. ಪೈಪು ಚಾಸಿಯ ಅಂಚಿಗೆ ತಾಗಿದ್ದರೆ ದಿನವೂ ಕೂದಲೆಳೆಯಷ್ಟು ಸವೆಯುತ್ತದೆ. ಧೂಳು, ಮರಳು ಸೇರಿದರೆ ಇನ್ನೂ ಬೇಗ. ಸದ್ದು ಬರುವುದಿಲ್ಲ. ತೂತಾದ ಮೇಲೇ ಗೊತ್ತಾಗುವುದು.

ಗಾಳಿ ಸೋರಿದರೆ ಬ್ರೇಕು ಸರಿಯಾಗಿ ಹಿಡಿಯದು. ಬಹಳ ಲಾರಿಗಳಲ್ಲಿ ಗಾಳಿ ತೀರಾ ಇಳಿದಾಗ ಒಳಗಿನ ಸ್ಪ್ರಿಂಗು ಹಿಂದಿನ ಚಕ್ರಗಳನ್ನು ಬಿಗಿದು ಹಿಡಿಯುತ್ತದೆ. ಲಾರಿ ಅಲ್ಲೇ ನಿಲ್ಲುತ್ತದೆ. ಆ ತಾಯಿಯ ಮಗನಿಗೆ ಆದದ್ದು ಇದೇ. ಘಾಟಿಯ ತಿರುವಿನಲ್ಲಿ, ಕತ್ತಲಲ್ಲಿ ನಿಂತ ಲಾರಿಗೆ ಹಿಂದಿನ ಗಾಡಿ ಬಂದು ಗುದ್ದಬಹುದು. ಬ್ಯಾಟರಿ ವೈರಿನ ರಬ್ಬರು ಸವೆದು ಒಳಗಿನ ತಂತಿ ಕಬ್ಬಿಣಕ್ಕೆ ತಾಗಿದರೆ ಕಿಡಿ ಹಾರುತ್ತದೆ. ಪಕ್ಕದಲ್ಲೇ ಡೀಸೆಲ್ ಸೋರುತ್ತಿದ್ದರೆ ಬೆಂಕಿಯೇ ಗತಿ.

ಇದನ್ನು ತಡೆಯುವುದು ಕಷ್ಟವೇ? ಅಲ್ಲ. ಗ್ಯಾರೇಜಿನವರನ್ನು ಕೇಳಿ ನಾವು ತಿಳಿದುಕೊಂಡೆವು.

ಪೈಪು ಕಬ್ಬಿಣದ ಅಂಚಿಗೆ ತಾಗದಂತೆ ನಡುವೆ ಜಾಗ ಬಿಡಬೇಕು. ಜೋತು ಬೀಳದಂತೆ ರಬ್ಬರ್ ಇರುವ ಕ್ಲ್ಯಾಂಪು ಹಾಕಬೇಕು. ಬರೀ ಕಬ್ಬಿಣದ ತಂತಿಯಿಂದ ಕಟ್ಟಬಾರದು, ಆ ತಂತಿಯೇ ಪೈಪನ್ನು ಕೊಯ್ಯುತ್ತದೆ. ಚಾಸಿಯ ತೂತಿನೊಳಗೆ ಪೈಪು ಹೋಗುವ ಕಡೆ ರಬ್ಬರಿನ ಬಳೆ ಇರಬೇಕು. ಎರಡು ಪೈಪು ಒಂದಕ್ಕೊಂದು ಉಜ್ಜುತ್ತಿದ್ದರೆ ಬೇರೆ ಮಾಡಬೇಕು. ಬೇರೆ ಮಾಡಲು ಆಗದಿದ್ದರೆ, ಹಳೆಯ ರಬ್ಬರ್ ಪೈಪನ್ನು ಉದ್ದಕ್ಕೆ ಸೀಳಿ ಅಂಗಿಯ ಹಾಗೆ ತೊಡಿಸಬಹುದು. ಸೈಲೆನ್ಸರಿನ ಬಿಸಿಯಿಂದ ಎಲ್ಲವೂ ದೂರ ಇರಬೇಕು. ಮುಂದಿನ ಚಕ್ರ ತಿರುಗುವಾಗ ಪೈಪು ಎಳೆದ ಹಾಗಾಗಬಾರದು. ಅಲ್ಲಿ ಸ್ವಲ್ಪ ಸಡಿಲ ಬೇಕು.

ಗ್ಯಾರೇಜಿನಲ್ಲಿ ಯಾವುದೇ ಕೆಲಸ ಮಾಡಿಸಿದ ಮೇಲೆ ಒಮ್ಮೆ ನೋಡಲೇಬೇಕು. ಬಿಚ್ಚಿದ ಕ್ಲ್ಯಾಂಪನ್ನು ಮತ್ತೆ ಹಾಕಲು ಮರೆತಿರಬಹುದು.

"ಸವೆದ ಕಡೆ ಟೇಪು ಸುತ್ತಿದರೆ ಸಾಲದಾ?" ಅಂತೀರಾ? ಸಾಲದು. ರಬ್ಬರಿನೊಳಗಿನ ನೂಲು ಕಂಡರೆ ಆ ಪೈಪಿನ ಆಯುಷ್ಯ ಮುಗಿಯಿತು. ಬದಲಾಯಿಸಲೇಬೇಕು. ಬ್ರೇಕಿನ ಪೈಪಿನೊಳಗೆ ಕಾರಿನ ಟಯರಿಗಿಂತ ಮೂರು ಪಟ್ಟಿಗೂ ಹೆಚ್ಚು ಒತ್ತಡದ ಗಾಳಿ ಇರುತ್ತದೆ. ಟೇಪು ಅದನ್ನು ತಡೆಯದು.

ಇನ್ನೊಂದು ಎಚ್ಚರಿಕೆ. ಲಾರಿಯ ಅಡಿಗೆ ಹೋಗುವ ಮೊದಲು ಸಮತಟ್ಟು ಜಾಗದಲ್ಲಿ ನಿಲ್ಲಿಸಬೇಕು. ಇಂಜಿನ್ ಆರಿಸಿ, ಚಕ್ರದ ಹಿಂದೆ ಮುಂದೆ ಮರದ ದಿಮ್ಮಿ ಇಡಬೇಕು. ಗಾಳಿ ಪೈಪಿಗೆ ಸಾಬೂನು ನೀರು ಸವರಿದರೆ ಸೋರುವ ಕಡೆ ನೊರೆಗುಳ್ಳೆ ಏಳುತ್ತದೆ. ಇಂಜಿನ್ನಿನ ಡೀಸೆಲ್ ಪೈಪನ್ನಾಗಲೀ ಎಣ್ಣೆ ಪೈಪನ್ನಾಗಲೀ ಬರಿಗೈಯಿಂದ ಸವರಿ ನೋಡಬಾರದು. ಒತ್ತಡದಿಂದ ಚಿಮ್ಮುವ ಎಣ್ಣೆ ಚರ್ಮದೊಳಗೇ ನುಗ್ಗುತ್ತದೆ. ಆಗ ಗಾಯ ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

"ನಾವು ಹೆಂಗಸರು, ಲಾರಿ ವಿಷಯ ನಮಗ್ಯಾಕೆ?" ಅಂತ ಒಬ್ಬ ಅಕ್ಕ ನಕ್ಕರು. ಯಾಕೆ ಅಂದರೆ, ಆ ಲಾರಿಯಲ್ಲಿ ಹೋಗುವವರು ನಮ್ಮವರು. ಲಾರಿ ನಿಂತರೆ ಕಂತು ಕಟ್ಟುವ ಚಿಂತೆಯೂ ನಮ್ಮದೇ.

ಈಗ ನಿಮಗೆ ಬರೆಯಲು ಬರುತ್ತದೆ. ಇಂದು ಮನೆಗೆ ಹೋಗಿ ಒಂದು ಚೀಟಿಯಲ್ಲಿ ಈ ನಾಲ್ಕು ಸಾಲು ಬರೆಯಿರಿ:

ಪೈಪು ಎಲ್ಲಾದರೂ ಉಜ್ಜುತ್ತಿದೆಯಾ?
ಕ್ಲ್ಯಾಂಪು ಬಿಗಿಯಾಗಿದೆಯಾ?
ನೂಲು ಕಾಣುತ್ತಿದೆಯಾ?
ಗಾಳಿ, ಎಣ್ಣೆ ಸೋರುತ್ತಿದೆಯಾ?

ಚೀಟಿಯನ್ನು ಮಗನ ಜೇಬಿಗೋ, ಯಜಮಾನರ ಕೈಗೋ ಕೊಡಿ. ಲಾರಿ ಹೊರಡುವ ಮೊದಲು ನೋಡಿಕೊಳ್ಳಲು ಹೇಳಿ. ಪ್ರಶ್ನೆ ಕೇಳಿದ ಆ ತಾಯಿ ಆಗಲೇ ಬರೆದು ಕೊಟ್ಟಿದ್ದಾರೆ. ಅದು ಅವರು ಮಗನಿಗೆ ತಮ್ಮ ಕೈಯಾರೆ ಬರೆದ ಮೊದಲ ಚೀಟಿ.