ಮಾಳಿಗೆ ಮನೆಯಲ್ಲೊಂದು ಬೆಳ್ಳಿತೆರೆ



ಹಂಪಿಯ ವಿರೂಪಾಕ್ಷ ಗುಡಿಗೆ ಹೋದವರಲ್ಲಿ ಹೆಚ್ಚಿನವರು ಗರ್ಭಗುಡಿಯ ಹಿಂದಿನ ಆ ಸಣ್ಣ ಕತ್ತಲು ಕೋಣೆಯನ್ನು ನೋಡಿ ಬಂದಿರುತ್ತೀರಿ. ಗೋಡೆಯಲ್ಲೊಂದು ಕಿಂಡಿ. ಅದರೆದುರಿನ ಗೋಡೆಯ ಮೇಲೆ ಒಂಬತ್ತು ಅಂತಸ್ತಿನ ರಾಜಗೋಪುರ ತಲೆಕೆಳಗಾಗಿ ಮೂಡಿರುತ್ತದೆ. ಸುಮಾರು 50 ಮೀಟರ್ ಎತ್ತರದ ಗೋಪುರವನ್ನು ಅಲ್ಲಿಗೆ ತಂದು ನಿಲ್ಲಿಸುವುದಕ್ಕೆ ದೀಪವಿಲ್ಲ, ಯಂತ್ರವಿಲ್ಲ. ಹೊರಗಿನ ಬಿಸಿಲು, ಒಂದು ಕಿಂಡಿ, ಒಳಗಿನ ಕತ್ತಲೆ, ಇಷ್ಟರಲ್ಲೇ ಕೆಲಸ ಆಗಿದೆ. ಅದೇ ಕೋಣೆಯಲ್ಲಿ ಒಂದು ದೊಡ್ಡ ದೀಪ ಹಚ್ಚಿಟ್ಟೆವು ಎಂದುಕೊಳ್ಳಿ. ಬಿಂಬ ಗೋಡೆಯ ಮೇಲೆ ಬೀಳುತ್ತಲೇ ಇರುತ್ತದೆ, ನಮ್ಮ ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಪ್ರೊಜೆಕ್ಟರಿನ ಚಿತ್ರಕ್ಕೂ ಇದೇ ಮಾತು ಸಲ್ಲುತ್ತದೆ.

ಮನೆಯಲ್ಲಿ ಮೊದಲ ಸಲ ಪ್ರೊಜೆಕ್ಟರ್ ಕೂರಿಸಿ ದೊಡ್ಡ ಪರದೆಯ ಮೇಲೆ ಸಿನಿಮಾ ನೋಡಬೇಕೆನ್ನುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಯಾವ ಕಂಪನಿಯದು ತರಲಿ ಎಂಬುದು. ನಾನು ಹೇಳುವುದು ಬೇರೆ. ಯಂತ್ರ ಆಮೇಲೆ ತಂದರಾಯಿತು, ಮೊದಲು ಮನೆಯಲ್ಲಿ ಕತ್ತಲೆ ಎಲ್ಲಿದೆ ಎಂದು ಹುಡುಕಿ. ನಮ್ಮ ಸೀಮೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕಿನ ಹಳೆಯ ಊರುಗಳಲ್ಲಿ ಆ ಕತ್ತಲೆಗೆ ಬಡತನವಿಲ್ಲ.

ಕಾರಣ ಹೇಳುತ್ತೇನೆ. ಪ್ರೊಜೆಕ್ಟರ್ ಬೆಳಕನ್ನು ಎಸೆಯಬಲ್ಲದು, ಕಪ್ಪನ್ನು ಎಸೆಯಲಾರದು. ಪರದೆಯ ಮೇಲೆ ನಾಯಕನ ಕಪ್ಪು ಕೂದಲು, ಅಮಾವಾಸ್ಯೆಯ ಆಕಾಶ ಎಂದು ನಾವು ಕಾಣುವುದೆಲ್ಲ ಬೆಳಕು ಬೀಳದೆ ಉಳಿದ ಜಾಗ. ಆ ಜಾಗಕ್ಕೆ ಕೋಣೆಯ ಟ್ಯೂಬ್‌ಲೈಟಿನ ಬೆಳಕು ಬಿದ್ದರೆ ಕಪ್ಪು ಬೂದಿಬಣ್ಣವಾಗುತ್ತದೆ, ಚಿತ್ರ ತೊಳೆದ ಬಟ್ಟೆಯ ಹಾಗೆ ಪೇಲವವಾಗುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಆರೂಮುಕ್ಕಾಲು ಅಡಿಗೆ ಚೂರು ಕಡಿಮೆ ಅಗಲ, ಮೂರೂಮುಕ್ಕಾಲು ಅಡಿ ಎತ್ತರದ ಪರದೆ. ಇಂಚಿನಲ್ಲಿ 80ಕ್ಕೆ 45, ಅಂದರೆ ಸರಿಯಾಗಿ 25 ಚದರ ಅಡಿ. ಯಂತ್ರ ಎಸೆಯುವ ಒಟ್ಟು ಬೆಳಕಿನ ಅಳತೆ ಲ್ಯೂಮೆನ್, ಅದು ಒಂದು ಚದರ ಮೀಟರಿಗೆ ಎಷ್ಟು ಬೀಳುತ್ತದೆ ಎಂಬ ಅಳತೆ ಲಕ್ಸ್. ಈ ಪರದೆಯ ಮೇಲೆ 500 ಲ್ಯೂಮೆನ್ ಬೆಳಕು ಬಿದ್ದರೆ ಅದರ ಬಿಳುಪು ಸುಮಾರು 215 ಲಕ್ಸ್. ಸಾಧಾರಣ ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಗೋಡೆಯ ಮೇಲಿನ ಬೆಳಕು 100 ಲಕ್ಸ್ ಎಂದಿಟ್ಟುಕೊಳ್ಳಿ. ಆಗ ಬಿಳಿ ಜಾಗದಲ್ಲಿ 315, ಕಪ್ಪು ಜಾಗದಲ್ಲಿ 100. ಬಿಳಿ ಕಪ್ಪಿಗಿಂತ ಬರೀ ಮೂರು ಪಟ್ಟು. ಹೆಚ್ಚು ದುಡ್ಡು ಕೊಟ್ಟು ನಾಲ್ಕು ಪಟ್ಟು ಬೆಳಕಿನ, 2000 ಲ್ಯೂಮೆನ್ನಿನ ಯಂತ್ರ ತಂದರೂ ಆ ಅಂತರ ಹತ್ತು ಪಟ್ಟು ಮುಟ್ಟುವುದಿಲ್ಲ. ಹಳೆಯ 500 ಲ್ಯೂಮೆನ್ನಿನ ಯಂತ್ರವನ್ನೇ ಇಟ್ಟುಕೊಂಡು ದೀಪ ಆರಿಸಿ, ಕಿಟಕಿ ಮುಚ್ಚಿ, ಕೋಣೆಯ ಬೆಳಕನ್ನು 1 ಲಕ್ಸಿಗೆ ಇಳಿಸಿದರೆ ಅಂತರ ನೂರು ಪಟ್ಟನ್ನು ದಾಟಿಬಿಡುತ್ತದೆ. ಸಾವಿರಾರು ರೂಪಾಯಿ ಕೊಟ್ಟರೂ ಸಿಗದ್ದು ಒಂದು ಸ್ವಿಚ್ಚಿನಿಂದ, ಒಂದು ಕಂಬಳಿಯಿಂದ ಸಿಗುತ್ತದೆ. ಟೆಂಟ್ ಸಿನಿಮಾದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಟ್ಟೆಯ ಡೇರೆಯೊಳಗೆ ಹಗಲಾಟ ನಡೆಯುವುದಿಲ್ಲವೆಂದು ಹೊತ್ತು ಮುಳುಗಿದ ಮೇಲೆಯೇ ಮೊದಲನೆ ಆಟ ಶುರುಮಾಡುತ್ತಿದ್ದರು.

ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ನಮ್ಮವರು ಮನೆಯ ಕೆಳಗಿನ ನೆಲಮಾಳಿಗೆಯನ್ನು ಇಂಥ ಸಿನಿಮಾ ಕೋಣೆಗೆ ಬಳಸುತ್ತಾರೆ. ಅಲ್ಲಿ ಕಿಟಕಿ ಕಡಿಮೆ, ಹೊರಗಿನ ಬೆಳಕು ಬರುವುದಿಲ್ಲ. ನಮ್ಮ ಕಡೆ ನೆಲದಡಿ ಇದ್ದದ್ದು ಜೋಳ ತುಂಬುವ ಹಗೇವು. ಹಳೆಯ ಹಗೇವನ್ನು ಅಗಲ ಮಾಡಿ ಕೋಣೆ ಮಾಡೋಣ ಎಂದು ಯಾರಿಗಾದರೂ ಅನ್ನಿಸಿದ್ದರೆ ದಯವಿಟ್ಟು ಆ ಯೋಚನೆ ಬಿಡಿ. ಮುಚ್ಚಿದ ಹಗೇವಿನಲ್ಲಿ ಉಸಿರುಗಟ್ಟಿಸುವ ಗಾಳಿ ನಿಂತಿರುತ್ತದೆ. ಬಾಯಿ ತೆಗೆದು ಬಹಳ ಹೊತ್ತು ಗಾಳಿಯಾಡಲು ಬಿಡದೆ ಹಿರಿಯರು ಅದಕ್ಕೆ ಇಳಿಯುತ್ತಿರಲಿಲ್ಲ, ಅವಸರಪಟ್ಟು ಇಳಿದವರು ಜೀವ ಕಳೆದುಕೊಂಡದ್ದೂ ಉಂಟು.

ನಮಗೆ ಬೇಕಾದದ್ದು ನೆಲದ ಮೇಲೆಯೇ ಇದೆ, ಮಾಳಿಗೆ ಮನೆಯ ಒಳಕೋಣೆ. ಕಲ್ಲು ಮಣ್ಣಿನ ದಪ್ಪ ಗೋಡೆ, ತೊಲೆ ಜಂತೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ, ಬೆಳಕಿಗೆ ಎಂದು ಮೇಲೊಂದು ಗವಾಕ್ಷಿ. ಕಿಟಕಿ ಇದ್ದರೆ ಒಂದು, ಇಲ್ಲದಿದ್ದರೆ ಅದೂ ಇಲ್ಲ. ಕತ್ತಲು ಮನೆ, ಕೆಡವಿ ಆರ್‌ಸಿಸಿ ಹಾಕಿಸೋಣ ಎಂದು ಮಕ್ಕಳು ಹಟ ಹಿಡಿಯುವ ಮನೆ ಇದೇ. ಕೆಡವುವ ಮುಂಚೆ ಆ ಒಳಕೋಣೆಯನ್ನು ಇನ್ನೊಮ್ಮೆ ನೋಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಹೊಗೆ ಹಿಡಿದು ಕಪ್ಪಾದ ಜಂತೆಗಳು ಪರದೆಯಿಂದ ಚದುರಿದ ಬೆಳಕನ್ನು ನುಂಗುತ್ತವೆ. ಪಟ್ಟಣದ ಮನೆಯ ಬಿಳಿ ತಾರಸಿ ಅದೇ ಬೆಳಕನ್ನು ಪರದೆಗೇ ವಾಪಸು ಕಳಿಸಿ ಚಿತ್ರ ಕೆಡಿಸುತ್ತದೆ. ಚಿತ್ರಕ್ಕೆ ತನ್ನದೇ ಬೆಳಕು ಶತ್ರುವಾಗುವುದು ಹೀಗೆ. ಆದ್ದರಿಂದ ಸುಣ್ಣ ಬಳಿದ ಕೋಣೆಯಾದರೆ ಪರದೆಯ ಎರಡೂ ಪಕ್ಕದ ಗೋಡೆಗಳಿಗೆ ನಾಲ್ಕೈದು ಅಡಿಯಷ್ಟು ಗಾಢ ಬಣ್ಣ ಕೊಡಿ. ಕೆಮ್ಮಣ್ಣಿನ ಕಾರಣೆಯಾದರೂ ಸುಣ್ಣಕ್ಕಿಂತ ಎಷ್ಟೋ ಮೇಲು.

ಇದಕ್ಕೆಲ್ಲ ನಮ್ಮ ಸೀಮೆಯ ಅತ್ಯುತ್ತಮ ವಸ್ತು ಕರಿ ಕಂಬಳಿ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಪ್ಪನವರ ಮೈಮೇಲಿನ ಆ ಕಂಬಳಿಯನ್ನು ಎಲ್ಲರೂ ಕಂಡಿದ್ದೀರಿ. ಕುರಿಯ ಕಪ್ಪು ಉಣ್ಣೆ, ಒರಟು ನೇಯ್ಗೆ, ಹೊಳಪು ಇಲ್ಲವೇ ಇಲ್ಲ. ಕಿಟಕಿಗೆ ಕಟ್ಟಿದರೆ ಬೆಳಕು ನುಸುಳುವುದಿಲ್ಲ, ಪಕ್ಕದ ಗೋಡೆಗೆ ಇಳಿಬಿಟ್ಟರೆ ಬೆಳಕನ್ನೂ ನುಂಗುತ್ತದೆ, ಸದ್ದನ್ನೂ ಹೀರುತ್ತದೆ. ಸಿನಿಮಾ ಕೋಣೆಗೆಂದು ದುಬಾರಿ ಬೆಲೆಗೆ ಮಾರುವ ಕಪ್ಪು ಮಖಮಲ್ಲಿನ ಕೆಲಸವನ್ನು ಕಂಬಳಿ ಬಹುಪಾಲು ಮಾಡಿಕೊಡುತ್ತದೆ. ಗವಾಕ್ಷಿಯನ್ನು ಮಳೆ ಬಂದಾಗ ಮುಚ್ಚುವ ರೂಢಿ ಇದ್ದೇ ಇದೆ. ಹಗಲಾಟಕ್ಕೂ ಹಾಗೆಯೇ ಮುಚ್ಚಿದರಾಯಿತು. ಶಾಶ್ವತವಾಗಿ ಗಾರೆ ಹಾಕಿ ಮುಚ್ಚಬೇಡಿ, ಕೋಣೆ ಉಸಿರಾಡುವುದು ಅದರಿಂದಲೇ.

ಇನ್ನು ಪರದೆ. ಬೆಳಕಿನ ಮುಂದೆ ಬಿಳಿ ಬಟ್ಟೆ ಕಟ್ಟಿ ಕಥೆ ತೋರಿಸುವುದು ನಮ್ಮ ಸೀಮೆಗೆ ಹೊಸದೇನಲ್ಲ. ತೊಗಲುಗೊಂಬೆಯಾಟದವರು ಇದನ್ನೇ ಮಾಡುತ್ತ ಬಂದವರು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದ ಜೊತೆಗೆ ಮಹಾತ್ಮ ಗಾಂಧಿಯವರ ಬದುಕನ್ನೂ ಆ ಬಟ್ಟೆಯ ಮೇಲೆ ತಂದರು. ಅಲ್ಲಿ ದೀಪ ಬಟ್ಟೆಯ ಹಿಂದೆ, ಜನ ಬಟ್ಟೆಯ ಮುಂದೆ. ಬೆಳಕು ಬಟ್ಟೆಯನ್ನು ತೂರಿ ಬರಬೇಕು, ಅದಕ್ಕೆ ತೆಳುವಾದ ಪಂಚೆಯೇ ಸರಿ. ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿದಾಗ ಗೆರೆ ಸ್ಪಷ್ಟ, ಹಿಂದಕ್ಕೆ ಸರಿಸಿದರೆ ಮಸುಕು. ದೂರದಿಂದಲೂ ಗೆರೆ ಸ್ಪಷ್ಟವಾಗಿ ಬರಲಿ ಎಂದೇ ಪ್ರೊಜೆಕ್ಟರಿಗೆ ಮಸೂರ ಬೇಕಾಗಿರುವುದು. ನಮ್ಮ ಕೋಣೆಯಲ್ಲಿ ಬೆಳಕು ಮುಂದಿನಿಂದ ಬೀಳುತ್ತದೆ, ಅದು ತೂರಿ ಹೋಗದೆ ನಮ್ಮ ಕಡೆ ತಿರುಗಬೇಕು. ತೆಳು ಬೆಡ್‌ಶೀಟ್ ಕಟ್ಟಿದರೆ ಸಾಕಷ್ಟು ಬೆಳಕು ಹಿಂದಕ್ಕೆ ಸೋರಿಹೋಗುತ್ತದೆ, ಮೇಲೆ ಮಡಿಕೆ ಬೇರೆ.

ಮಣ್ಣಿನ ಗೋಡೆ ಸಮ ಇರುವುದಿಲ್ಲವಾದ್ದರಿಂದ ನನ್ನ ಸಲಹೆ 8ಕ್ಕೆ 4 ಅಡಿಯ ಒಂದು ಪ್ಲೈವುಡ್ ಹಲಗೆ. ಪುಟ್ಟಿ ಹಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಹೊಳಪಿಲ್ಲದ ಬಿಳಿ ಮ್ಯಾಟ್ ಬಣ್ಣ ಎರಡು ಕೈ ಕೊಡಿಸಿ. ಆಗಲೇ ಹೇಳಿದ 80ಕ್ಕೆ 45 ಇಂಚಿನ ಚಿತ್ರ ಅದರಲ್ಲಿ ಸರಿಯಾಗಿ ಕೂರುತ್ತದೆ. ಮೇಲೆ ಕೆಳಗೆ ಒಂದೂವರೆ ಇಂಚು, ಪಕ್ಕಕ್ಕೆ ಎಂಟೆಂಟು ಇಂಚು ಉಳಿಯುತ್ತದೆ, ಅಷ್ಟಕ್ಕೂ ಕಪ್ಪು ಅಂಚು ಬಳಿಯಿರಿ. ಮೂಲೆಯಿಂದ ಮೂಲೆಗೆ ಅಳೆದರೆ ಇದು ಸುಮಾರು 92 ಇಂಚು. ಚಿತ್ರಮಂದಿರದ ಪರದೆಗೆ ಚದರ ಅಡಿಗೆ 16 ಲ್ಯೂಮೆನ್ ಎಂಬುದು ಹಳೆಯ ಅಳತೆ. ನಮ್ಮ 25 ಚದರ ಅಡಿಗೆ 400 ಲ್ಯೂಮೆನ್ ಆಯಿತು. ಹೊಸ ಯಂತ್ರದ ಬೆಳಕು ದಿನ ಕಳೆದಂತೆ ಕುಗ್ಗುವುದರಿಂದ 600, 700 ಇದ್ದರೆ ಧಾರಾಳ. ಆದರೆ ಅದು ಆನ್ಸಿ ಅಥವಾ ಐಎಸ್‌ಒ ಅಳತೆಯ ಲ್ಯೂಮೆನ್ ಆಗಿರಬೇಕು. ಡಬ್ಬಿಯ ಮೇಲೆ ಅಳತೆಯ ಹೆಸರಿಲ್ಲದೆ 8000, 10000 ಎಂದು ದೊಡ್ಡದಾಗಿ ಅಚ್ಚು ಹಾಕಿದ ಅಗ್ಗದ ಯಂತ್ರಗಳನ್ನು ನಂಬಬೇಡಿ. ಬಡವರ ದುಡ್ಡು ಹೆಚ್ಚು ಪೋಲಾಗುವುದು ಅಲ್ಲೇ. ಹಾಗೆಯೇ 4ಕೆ ತೋರಿಸುತ್ತದೆ ಎಂದು ಬರೆದಿದ್ದರೆ ಅದರ ಸ್ವಂತ ರೆಸಲ್ಯೂಷನ್ ಎಷ್ಟು ಎಂದು ಕೇಳಿ. 1920ಕ್ಕೆ 1080 ಇದ್ದರೆ ಈ ಅಳತೆಯ ಪರದೆಗೆ ಸಾಕು.

ಅಂಗಡಿಗೆ ಹೋಗುವ ಮುಂಚೆ ಕೋಣೆಯನ್ನು ಟೇಪು ಹಿಡಿದು ಅಳೆಯಿರಿ. ಪ್ರತಿ ಪ್ರೊಜೆಕ್ಟರಿಗೂ ಥ್ರೋ ಎಂಬ ಒಂದು ಸಂಖ್ಯೆ ಇರುತ್ತದೆ. ಪರದೆಯ ಅಗಲವನ್ನು ಅದರಿಂದ ಗುಣಿಸಿದರೆ ಯಂತ್ರವನ್ನು ಎಷ್ಟು ದೂರ ಇಡಬೇಕು ಎಂಬುದು ಸಿಗುತ್ತದೆ. ಥ್ರೋ 1.2 ಆದರೆ ನಮ್ಮ ಪರದೆಗೆ 8 ಅಡಿ, 1.5 ಆದರೆ 10 ಅಡಿ. ಅಂಕಣದ ಮನೆಯಲ್ಲಿ ನಡುವೆ ಕಂಬ ಇರುತ್ತದಲ್ಲ, ಬೆಳಕಿನ ದಾರಿಗೆ ಅದು ಅಡ್ಡ ಬರುತ್ತದೆಯೇ ಎಂದು ಪರದೆಯ ನಾಲ್ಕೂ ಮೂಲೆಗೆ ದಾರ ಕಟ್ಟಿ ನೋಡಿಬಿಡಿ. ಕೂರುವ ಜಾಗ ಪರದೆಯಿಂದ 9 ಅಡಿಯಿಂದ 12 ಅಡಿಯೊಳಗೆ. ಜಮಖಾನದ ಮೇಲೆ ಕೂರುವ ಮನೆಯಾದರೆ ಪರದೆಯ ಕೆಳ ಅಂಚು ನೆಲದಿಂದ ಎರಡಡಿಗಿಂತ ಹೆಚ್ಚು ಮೇಲೆ ಬೇಡ, ಕತ್ತು ನೋಯುತ್ತದೆ.

ಯಂತ್ರ ಪರದೆಗೆ ನೇರ ಎದುರಿಗೇ ಇರಲಿ. ಓರೆಯಾಗಿಟ್ಟು ಕೀಸ್ಟೋನ್ ಗುಂಡಿ ಒತ್ತಿ ಚೌಕ ಮಾಡಿಕೊಳ್ಳಬಹುದು, ನಿಜ. ಆದರೆ ಆ ಗುಂಡಿ ಮಾಡುವುದು ಚಿತ್ರದ ಅಂಚುಗಳನ್ನು ಕುಗ್ಗಿಸುವ ಕೆಲಸ, ದುಡ್ಡು ಕೊಟ್ಟು ತಂದ ಸೂಕ್ಷ್ಮತೆಯಲ್ಲಿ ಒಂದು ಪಾಲು ಅಲ್ಲೇ ಹೋಗುತ್ತದೆ.

ಮಾಳಿಗೆ ಮನೆಗೆ ಒಂದು ತೊಂದರೆ ಇದೆ, ಮೇಲಿನಿಂದ ಮಣ್ಣು ಉದುರುತ್ತದೆ. ಆದ್ದರಿಂದ ಪ್ರೊಜೆಕ್ಟರನ್ನು ಜಂತೆಗೆ ನೇತುಹಾಕುವುದಕ್ಕಿಂತ ಹಿಂದಿನ ಗೋಡೆಗೆ ಗಟ್ಟಿ ಹಲಗೆ ಬಡಿದು ಇಡುವುದು ಒಳ್ಳೆಯದು, ಅದರ ಮೇಲೆ ಒಂದಡಿ ಬಿಟ್ಟು ಇನ್ನೊಂದು ಹಲಗೆ. ಗೋಡೆಯ ಗೂಡಿನೊಳಗೆ ತುರುಕಬೇಡಿ, ಬಿಸಿಗಾಳಿ ಹೊರಗೆ ಹೋಗಲು ಸುತ್ತ ಜಾಗ ಬೇಕು. ಹೆಚ್ಚಿನ ಯಂತ್ರಗಳು 35 ಡಿಗ್ರಿ, ಕೆಲವು 40 ಡಿಗ್ರಿಯವರೆಗಿನ ಸೆಕೆಯನ್ನಷ್ಟೇ ತಾಳಿಕೊಳ್ಳುತ್ತವೆ. ನಮ್ಮ ಏಪ್ರಿಲ್, ಮೇ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಇಲ್ಲೂ ಮಣ್ಣಿನ ಮಾಳಿಗೆಯೇ ಕೈಹಿಡಿಯುತ್ತದೆ, ಆರ್‌ಸಿಸಿ ತಾರಸಿಯ ಕೆಳಗಿನ ಕಾವು ಅಲ್ಲಿರುವುದಿಲ್ಲ.

ಕೂಡ್ಲಿಗಿಯ ಕೆಂಪು ಧೂಳು, ಹರಪನಹಳ್ಳಿ ಕಡೆ ಮೆಕ್ಕೆಜೋಳದ ಒಕ್ಕಣೆ ಕಾಲದ ಹೊಟ್ಟಿನ ಧೂಳು, ಎರಡೂ ಯಂತ್ರದೊಳಗೆ ಹೋಗುತ್ತವೆ. 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ ರೂಪಿಸಿದ ಸೂಕ್ಷ್ಮ ಕನ್ನಡಿಗಳ ಚಿಪ್‌ನಿಂದ ಕೆಲಸ ಮಾಡುವ ಡಿಎಲ್‌ಪಿ ಯಂತ್ರಗಳಲ್ಲಿ ಆ ಭಾಗವನ್ನು ಸಾಮಾನ್ಯವಾಗಿ ಮುಚ್ಚಿರುತ್ತಾರೆ. ಅಗ್ಗದ ಎಲ್‌ಸಿಡಿಗಳಲ್ಲಿ ಧೂಳು ಒಳಹೊಕ್ಕು ಪರದೆಯ ಮೇಲೆ ಕಲೆಯಾಗಿ ಕಾಣುತ್ತದೆ. ಯಾವುದೇ ಇರಲಿ, ಗಾಳಿ ಒಳಹೋಗುವ ಜಾಲರಿಯನ್ನು ಮೆತ್ತನೆ ಬ್ರಶ್ಶಿನಿಂದ ಆಗಾಗ ಒರೆಸಿ. ಮಸೂರಕ್ಕೆ ಸೀರೆಯ ಸೆರಗು, ಟವೆಲ್ ತಾಗಿಸಬೇಡಿ, ಕನ್ನಡಕ ಒರೆಸುವ ನಯವಾದ ಬಟ್ಟೆಯೇ ಬೇಕು.

ದೀಪದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಕರೆಂಟು ಹೇಳದೆ ಕೇಳದೆ ಹೋಗುವ ಊರುಗಳಿಗೆ ಪಾದರಸದ ಲ್ಯಾಂಪಿನ ಯಂತ್ರ ಬೇಡ. ಕಾದ ಲ್ಯಾಂಪು ತಣಿಯುವ ತನಕ ಫ್ಯಾನ್ ತಿರುಗುತ್ತಿರಬೇಕು. ನಡುವೆ ಕರೆಂಟು ಹೋದರೆ ಲ್ಯಾಂಪಿನ ಆಯಸ್ಸು ಕುಗ್ಗುತ್ತದೆ, ಹೊಸ ಲ್ಯಾಂಪು ದುಬಾರಿ. ಎಲ್‌ಇಡಿ ಅಥವಾ ಲೇಸರ್ ತನ್ನಿ, ಸಾಮಾನ್ಯವಾಗಿ 20,000 ಗಂಟೆ ಬಾಳುತ್ತವೆ ಎಂದು ಕಂಪನಿಗಳು ಹೇಳುತ್ತವೆ. 100 ವಾಟ್ ಆಸುಪಾಸಿನ ಯಂತ್ರವಾದರೆ ಮನೆಯ ಇನ್ವರ್ಟರ್ ಮೇಲೆಯೇ ಇಡೀ ಸಿನಿಮಾ ನೋಡಬಹುದು. ಇನ್ವರ್ಟರ್ ಸೈನ್‌ವೇವ್ ಆಗಿರಲಿ, ಅರ್ಥಿಂಗ್ ಸರಿಯಿದೆಯೇ ಎಂದು ವೈರ್‌ಮನ್ ಕೈಲಿ ನೋಡಿಸಿ. ಕಾಳಿನ ಚೀಲ ಇರುವ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ, ವೈರುಗಳನ್ನೆಲ್ಲ ಪೈಪಿನೊಳಗೆ ಹಾಯಿಸಿ.

ಸದ್ದಿಗೆ ಪ್ರೊಜೆಕ್ಟರಿನೊಳಗಿನ ಪುಟ್ಟ ಸ್ಪೀಕರ್ ಸಾಲದು. ಮಾತು ತೆರೆಯ ಕಡೆಯಿಂದಲೇ ಬರಬೇಕು, ಬೆನ್ನ ಹಿಂದಿನಿಂದ ಬಂದರೆ ಕಥೆಯೊಳಗೆ ಮನಸ್ಸು ಇಳಿಯುವುದಿಲ್ಲ. ಪರದೆಯ ಎಡಬಲಕ್ಕೆ, ಕೂತವರ ಕಿವಿಯ ಎತ್ತರಕ್ಕೆ ಎರಡು ಸ್ಪೀಕರ್ ಇಡಿ. ವೈರಿನಿಂದಲೇ ಜೋಡಿಸಿ, ಬ್ಲೂಟೂತ್‌ನಲ್ಲಿ ಮಾತು ತುಟಿಗಿಂತ ಹಿಂದೆ ಬೀಳುವುದುಂಟು. ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ ನೋಡಿ. ಠಣ್ ಎಂದು ಮರುದನಿ ಬಂದರೆ ಹಿಂದಿನ ಗೋಡೆಗೆ ಅಜ್ಜಿ ಹೊಲಿದ ಕೌದಿ ತೂಗುಹಾಕಿ, ಪದರ ಪದರದ ಹಳೆ ಸೀರೆ ಸದ್ದನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ಮೊದಲ ಸಂಜೆ ಯಂತ್ರ ಹಚ್ಚಿದ ಕೂಡಲೆ ಅದರ ಚಿತ್ರದ ಬಗೆಯನ್ನು ವಿವಿಡ್‌ನಿಂದ ಸಿನಿಮಾಕ್ಕೆ ಬದಲಿಸಿ, ಮುಖದ ಬಣ್ಣ ಸಹಜವಾಗುತ್ತದೆ. ಹೆಸರುಗಳು ಬರುವ ಕಡೆ ನಿಲ್ಲಿಸಿ ಅಕ್ಷರ ಚೂಪಾಗುವ ತನಕ ಫೋಕಸ್ ತಿರುಗಿಸಿ. ಮಕ್ಕಳು ಮಸೂರದೊಳಗೆ ಇಣುಕದಂತೆ ನೋಡಿಕೊಳ್ಳಿ, ಕಣ್ಣಿಗೆ ಅಪಾಯ. ನೆಂಟರು, ಅಕ್ಕಪಕ್ಕದವರು ಬಂದು ನೋಡಲಿ. ಟಿಕೆಟ್ ಇಟ್ಟು ತೋರಿಸುವುದಕ್ಕೆ ಮಾತ್ರ ಚಿತ್ರದ ಹಕ್ಕುದಾರರ ಒಪ್ಪಿಗೆಯೂ ಸರ್ಕಾರದ ಪರವಾನಗಿಯೂ ಬೇಕು. ಸೊಳ್ಳೆಬತ್ತಿ, ಊದುಬತ್ತಿ ಆ ಕೋಣೆಯಲ್ಲಿ ಹಚ್ಚಬೇಡಿ, ಹೊಗೆ ಮಸೂರದ ಮೇಲೆ ಕೂರುತ್ತದೆ. ಆಟ ಮುಗಿದ ಮೇಲೆ ರಿಮೋಟಿನಿಂದ ಆರಿಸಿ, ಫ್ಯಾನ್ ನಿಂತ ಮೇಲಷ್ಟೇ ಗೋಡೆಯ ಸ್ವಿಚ್ ಆಫ್ ಮಾಡಿ. ಯಂತ್ರ ತಣಿದ ಮೇಲೆ ಬಟ್ಟೆ ಮುಚ್ಚಿ, ಗವಾಕ್ಷಿ ಮತ್ತು ಬಾಗಿಲು ತೆರೆದಿಡಿ.