ಪಿಕ್ ಹಿಡಿಯುವ ಕೈ, ಕೇಳುವ ಕಿವಿ

(ಮಾಂಟ್ ಕಿಯಾರಾದಲ್ಲಿ ಕನ್ನಡ ಕುಟುಂಬಗಳ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಕೌಲಾಲಂಪುರದ ಈ ಬಡಾವಣೆಯಲ್ಲಿ ಇಷ್ಟೊಂದು ಕನ್ನಡದ ಮುಖಗಳನ್ನು ಒಟ್ಟಿಗೆ ನೋಡುವ ಸಂತೋಷವನ್ನು ನನಗೆ ಒದಗಿಸಿದ ನಿಮ್ಮ ಬಳಗಕ್ಕೆ ಮೊದಲು ಕೃತಜ್ಞತೆ ಸಲ್ಲಿಸುತ್ತೇನೆ. ಸಂಗೀತವನ್ನು ಕುರಿತು ಮಾತನಾಡಬೇಕೆಂದು ನೀವು ಅಪ್ಪಣೆ ಕೊಡಿಸಿದಿರಿ. ರಾಗಗಳ ವಿಚಾರವನ್ನೋ ವಾಗ್ಗೇಯಕಾರರ ಚರಿತ್ರೆಯನ್ನೋ ನಿರೀಕ್ಷಿಸಿದವರಿಗೆ ನಿರಾಶೆಯಾದೀತು. ನಾನು ಆರಿಸಿಕೊಂಡಿರುವ ವಸ್ತು ಒಂದು ಅಂಗುಲಕ್ಕೆ ತುಸು ಮಿಗಿಲಾದ, ಹೃದಯದ ಆಕಾರದ, ಸೋಫಾದ ಸಂದಿಯಲ್ಲಿ ಬಿದ್ದರೆ ಮತ್ತೆ ಸಿಕ್ಕದ ಒಂದು ಪ್ಲಾಸ್ಟಿಕ್ ಬಿಲ್ಲೆ. ಅದೇ ಗಿಟಾರಿನ ಪಿಕ್.

ಇಷ್ಟು ಚಿಕ್ಕ ವಿಷಯವೇಕೆ ಎಂದು ನೀವು ಕೇಳಬಹುದು. ಗಿಟಾರು ಕಲಿಯಲು ಹೊರಟ ಮಕ್ಕಳ ತಂದೆತಾಯಿಯರಿಂದ ನಾನು ಎಲ್ಲಿಹೋದರೂ ಕೇಳುವ ಮಾತು ಒಂದೇ: ವಾದ್ಯ ಕೊಡಿಸಿದೆವು, ಮೇಷ್ಟ್ರನ್ನು ಗೊತ್ತುಮಾಡಿದೆವು, ನಾಲ್ಕೇ ತಿಂಗಳಲ್ಲಿ ಅದು ಚೀಲ ಸೇರಿ ಬೀರುವಿನ ಹಿಂದೆ ನಿಂತಿತು, ಮಗುವಿಗೆ ಆಸಕ್ತಿಯಿಲ್ಲ. ಆಸಕ್ತಿಯಿಲ್ಲವೆಂಬ ತೀರ್ಪನ್ನು ಕೊಡುವ ಮುನ್ನ ಆ ಮಗುವಿನ ಬಲಗೈಯನ್ನು ಒಮ್ಮೆ ನೋಡಬೇಕು. ಎಡಗೈಯ ಬೆರಳುಗಳು ನೋಯುವುದು ಎಲ್ಲರಿಗೂ ತಿಳಿದದ್ದೇ. ಆ ನೋವು ಕೆಲವು ವಾರಗಳಲ್ಲಿ ಹೋಗುತ್ತದೆ. ಬಲಗೈಯ ತೊಡಕು ಹಾಗಲ್ಲ. ಪಿಕ್ ಜಾರುತ್ತದೆ, ತಿರುಗುತ್ತದೆ, ತಂತಿಗೆ ಸಿಕ್ಕಿಕೊಳ್ಳುತ್ತದೆ. ಹೊರಡುವ ನಾದ ಕರ್ಕಶವಾಗಿರುತ್ತದೆ. ತನ್ನ ಕೈಯಿಂದ ಹೊರಡುವ ಸದ್ದು ತನಗೇ ಹಿತವಾಗದ ಮೇಲೆ ಯಾವ ಮಗು ತಾನೆ ದಿನವೂ ವಾದ್ಯದ ಮುಂದೆ ಕುಳಿತೀತು?

ಮೀಟುವ ಸಾಧನ ನಮಗೆ ಹೊಸದಲ್ಲ. ಸಂಸ್ಕೃತದಲ್ಲಿ ಅದಕ್ಕೆ 'ಕೋಣ' ಎಂದು ಹೆಸರು. ಅಮರಕೋಶದಲ್ಲಿಯೂ ಈ ಪದವಿದೆ. 'ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ' ಎಂಬ ಗಾದೆಯನ್ನು ಕೇಳಿ ಬೆಳೆದ ನಮಗೆ ಇದು ತಮಾಷೆಯಾಗಿ ಕಾಣಬಹುದು. ಆದರೆ ಈ ಕೋಣ ಬಂದು ನಿಂತಮೇಲೆಯೇ ತಂತಿ ನುಡಿಯುವುದು!

ನಮ್ಮ ನಾಡಿನ ವಾದಕರು ತಂತಿಯನ್ನು ಮೀಟುವ ಪ್ರಶ್ನೆಗೆ ಮೂರು ಬಗೆಯ ಉತ್ತರಗಳನ್ನು ಕಂಡುಕೊಂಡಿದ್ದಾರೆ. ಮೊದಲನೆಯದು ದೇಹದ ಉತ್ತರ. ವೀಣೆ ಶೇಷಣ್ಣನವರಿಂದ (1852–1926) ವೆಂಕಟಗಿರಿಯಪ್ಪನವರಿಗೂ, ಅವರಿಂದ ದೊರೆಸ್ವಾಮಿ ಅಯ್ಯಂಗಾರ್ಯರಿಗೂ (1920–1997) ಹರಿದುಬಂದ ಮೈಸೂರಿನ ವೀಣಾ ಪರಂಪರೆಯನ್ನು ನೆನೆಯಿರಿ. ವೈಣಿಕರ ತೋರುಬೆರಳು ಮತ್ತು ನಡುಬೆರಳು ತಂತಿಯನ್ನು ನೇರವಾಗಿ ತಾಕುತ್ತವೆ. ಉಗುರೇ ಅಲ್ಲಿ ಸಾಧನ. ಎರಡನೆಯದು ತೊಡುವ ಉತ್ತರ. ಧಾರವಾಡದಲ್ಲಿ ಸಿತಾರ್ ರತ್ನ ರಹಿಮತ್ ಖಾನರು ನೆಲೆಗೊಳಿಸಿದ, ಅವರ ಮೊಮ್ಮಗ ಬಾಲೇಖಾನರು (2007ರಲ್ಲಿ ನಿಧನರಾದರು) ಬೆಳಗಿದ ಸಿತಾರ್ ಮನೆತನ ನಿಮಗೆಲ್ಲ ಪರಿಚಿತ. ಸಿತಾರಿನವರು ತೋರುಬೆರಳಿಗೆ ತಂತಿಯಿಂದ ಮಾಡಿದ ಮಿಜ್ರಾಬನ್ನು ಉಂಗುರದಂತೆ ತೊಡುತ್ತಾರೆ. ತೊಟ್ಟಮೇಲೆ ಹಿಡಿಯುವ ಚಿಂತೆಯಿಲ್ಲ.

ಮೂರನೆಯದು ಹಿಡಿಯುವ ಉತ್ತರ. ನಮ್ಮ ಗಿಟಾರಿನ ಹುಡುಗರಿಗೆ ಹತ್ತಿರದ ನೆಂಟ ಇದೇ. ಸರೋದ್ ವಾದ್ಯವನ್ನು ನುಡಿಸುವುದು 'ಜವಾ' ಎಂಬ ಬಿಲ್ಲೆಯಿಂದ. ತೆಂಗಿನ ಚಿಪ್ಪನ್ನು ತ್ರಿಕೋನಾಕಾರಕ್ಕೆ ಉಜ್ಜಿ ನಯಗೊಳಿಸಿ ಮಾಡಿದ ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿಯುತ್ತಾರೆ. ಕನ್ನಡಿಗರಲ್ಲಿ ಈ ವಾದ್ಯವನ್ನು ಶಿಖರಕ್ಕೇರಿಸಿದವರು ಪಂಡಿತ ರಾಜೀವ ತಾರಾನಾಥರು. 1932ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿದ್ದು, ಅಲಿ ಅಕ್ಬರ್ ಖಾನರ ಸರೋದಿನ ನಾದಕ್ಕೆ ಮನಸೋತು ಅವರ ಶಿಷ್ಯರಾಗಿ, 1995ರಿಂದ 2005ರವರೆಗೆ ಕ್ಯಾಲಿಫೋರ್ನಿಯಾದಲ್ಲಿ ಬೋಧಿಸಿ, 2024ರ ಜೂನಿನಲ್ಲಿ ಮೈಸೂರಿನಲ್ಲಿ ಕಣ್ಮುಚ್ಚಿದ ಆ ಹಿರಿಯರ ಕೈಯಲ್ಲಿದ್ದದ್ದು ನಿಮ್ಮ ಮಗುವಿನ ಕೈಯಲ್ಲಿರುವ ಬಿಲ್ಲೆಯ ಅಣ್ಣನೇ.

ನೀವು ಬದುಕು ಕಟ್ಟಿಕೊಂಡಿರುವ ಈ ದೇಶದಲ್ಲಿಯೂ ಅದಕ್ಕೆ ಬಂಧುಗಳುಂಟು. ಜೊಹೋರಿನ ಮಲಯ್ ಗಜಲ್ ಮೇಳದಲ್ಲಿ ನಮ್ಮ ಹಾರ್ಮೋನಿಯಂ, ತಬಲಗಳ ಪಕ್ಕದಲ್ಲಿ ಗಾಂಬುಸ್ ಎಂಬ ವಾದ್ಯ ಕುಳಿತಿರುತ್ತದೆ. ಅದು ಅರಬರ ಊದ್ ವಾದ್ಯದ ವಂಶದ್ದು. ಊದ್ ನುಡಿಸಲು ಹಿಂದೆ ಹದ್ದಿನ ಗರಿಯ ದಂಟನ್ನು ಬಳಸುತ್ತಿದ್ದರು. ಉದ್ದನೆಯ ಆ ದಂಟನ್ನು ಮಡಿಸಿದ ಬೆರಳುಗಳೊಳಗೆ ಸೇರಿಸಿ ತುದಿಯಷ್ಟನ್ನೇ ಹೊರಗೆ ಬಿಡುವುದು ಅಲ್ಲಿನ ಹಿಡಿತ. ಊದ್ ಯುರೋಪಿಗೆ ಹೋಗಿ ಲ್ಯೂಟ್ ಆಯಿತು. ಹದಿನೈದನೆಯ ಶತಮಾನದಲ್ಲಿ, ಏಕಕಾಲಕ್ಕೆ ಹಲವು ಸ್ವರಧಾರೆಗಳನ್ನು ನುಡಿಸುವ ಅಗತ್ಯ ಬಂದಾಗ, ಅಲ್ಲಿನ ವಾದಕರು ಗರಿಯನ್ನು ಬಿಟ್ಟು ಬರಿಯ ಬೆರಳುಗಳಿಗೆ ಹಿಂದಿರುಗತೊಡಗಿದರು. ಇದನ್ನು ಹೇಳಲು ಒಂದು ಕಾರಣವಿದೆ. ನಿಮ್ಮ ಮಗು ಕಲಿಯುತ್ತಿರುವುದು ನೈಲಾನ್ ತಂತಿಯ ಶಾಸ್ತ್ರೀಯ ಗಿಟಾರಾದರೆ ಅದಕ್ಕೆ ಪಿಕ್ ಬೇಕಿಲ್ಲ. ಬೆರಳು, ಉಗುರುಗಳೇ ಸಾಕು. ಪಿಕ್ಕಿನ ಪ್ರಶ್ನೆ ಹುಟ್ಟುವುದು ಮುಖ್ಯವಾಗಿ ಲೋಹದ ತಂತಿಯ ಗಿಟಾರಿನಲ್ಲಿ.

ಹಿಂದೆ ಗಿಟಾರಿನ ಒಳ್ಳೆಯ ಪಿಕ್ಕುಗಳನ್ನು ಹಾಕ್ಸ್‌ಬಿಲ್ ಎಂಬ ಕಡಲಾಮೆಯ ಚಿಪ್ಪಿನಿಂದ ಮಾಡುತ್ತಿದ್ದರು. ಇಲ್ಲಿಂದ ದೂರವಲ್ಲದ ಮಲಕ್ಕಾದ ಕಡಲತೀರದಲ್ಲಿ ಇಂದಿಗೂ ಮೊಟ್ಟೆಯಿಡಲು ಬರುವ ಆಮೆ ಅದೇ. 1920ರ ದಶಕದಲ್ಲಿ ಸೆಲ್ಯುಲಾಯ್ಡ್ ಪಿಕ್ಕುಗಳು ಬಂದವು. 1970ರ ದಶಕದಲ್ಲಿ ಆಮೆಚಿಪ್ಪಿನ ಅಂತರರಾಷ್ಟ್ರೀಯ ವ್ಯಾಪಾರವೇ ನಿಷಿದ್ಧವಾಯಿತು. ಈಗ ಅಂಗಡಿಯಲ್ಲಿ ಸಿಕ್ಕುವುದು ಸೆಲ್ಯುಲಾಯ್ಡ್, ನೈಲಾನ್ ಮೊದಲಾದ ಕೃತಕ ವಸ್ತುಗಳವು. ಅರ್ಧ ಮಿಲಿಮೀಟರಿನಷ್ಟು ತೆಳುವಾದುದು ಬಾಗುತ್ತದೆ, ಎಲ್ಲ ತಂತಿಗಳನ್ನೂ ಒಟ್ಟಿಗೆ ಸವರಲು ಅನುಕೂಲ. ಒಂದು ಮಿಲಿಮೀಟರಿಗೆ ಮೀರಿದ್ದು ಬಾಗುವುದಿಲ್ಲ, ಒಂದೊಂದೇ ಸ್ವರವನ್ನು ಸ್ಪಷ್ಟವಾಗಿ ನುಡಿಸಲು ಒಳ್ಳೆಯದು. ಮೊದಲು ಕಲಿಯುವವರು ಇವೆರಡರ ನಡುವಿನದನ್ನು ಆರಿಸಿಕೊಳ್ಳಲಿ.

ಇನ್ನು ಹಿಡಿಯುವ ಕ್ರಮ. ಮಕ್ಕಳೇ, ಬಲಗೈಯನ್ನು ಪಕ್ಕಕ್ಕೆ ಇಳಿಬಿಟ್ಟು ಒಮ್ಮೆ ಕೊಡವಿ, ಸುಮ್ಮನೆ ಬಿಡಿ. ಬೆರಳುಗಳು ತಾವಾಗಿಯೇ ಒಳಕ್ಕೆ ಬಾಗಿರುತ್ತವೆ. ಆ ಭಂಗಿಯನ್ನು ಕೆಡಿಸದೆ ಕೈಯನ್ನು ಮೇಲಕ್ಕೆ ತನ್ನಿ. ಬಾಗಿದ ತೋರುಬೆರಳಿನ ತುದಿಯ ಗೆಣ್ಣಿನ ಪಕ್ಕದಲ್ಲಿ ಪಿಕ್ಕನ್ನು ಮಲಗಿಸಿ. ಅದರ ಮೊನೆ ಅಂಗೈಗೆ ಹೊರಗಾಗಿ, ಹೆಬ್ಬೆರಳಿಗೆ ಅಡ್ಡಲಾಗಿ ಇರಲಿ. ಮೇಲೆ ಹೆಬ್ಬೆರಳನ್ನು ಇರಿಸಿ. ಮನೆಯ ಬಾಗಿಲು ತೆರೆಯಲು ಬೀಗದ ಕೈಯನ್ನು ಹಿಡಿಯುತ್ತೀರಲ್ಲ, ಹೆಚ್ಚು ಕಡಿಮೆ ಹಾಗೆಯೇ. ಮೊನೆಯ ಕೆಲವೇ ಮಿಲಿಮೀಟರುಗಳಷ್ಟು ಹೊರಗೆ ಕಾಣಬೇಕು. ಉಳಿದ ಬೆರಳುಗಳು ಮುಷ್ಟಿ ಬಿಗಿಯದೆ ಹಗುರವಾಗಿ ಇರಲಿ.

ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬುದಕ್ಕೆ ಉತ್ತರ ನಮ್ಮ ತಾಯಂದಿರ ಬೆರಳುಗಳಲ್ಲೇ ಇದೆ. ರಂಗೋಲಿ ಎಳೆಯುವಾಗ ಚಿಟಿಕೆಯನ್ನು ಬಿಗಿಹಿಡಿದರೆ ಪುಡಿ ಇಳಿಯದು. ಸಡಿಲ ಬಿಟ್ಟರೆ ರಾಶಿ ಬೀಳುತ್ತದೆ. ಎಳೆ ಸಮವಾಗಿ ಹರಿಯುವಂತೆ ಬೆರಳು ಗಳಿಗೆಗಳಿಗೆಗೂ ತನ್ನನ್ನು ತಿದ್ದಿಕೊಳ್ಳುತ್ತಿರುತ್ತದೆ. ಪಿಕ್ಕಿನ ಹಿಡಿತವೂ ಹೀಗೆಯೇ. ಅದು ಒಮ್ಮೆ ಕಲಿತು ಮುಗಿಸುವ ಭಂಗಿಯಲ್ಲ, ನುಡಿಸುವಷ್ಟು ಹೊತ್ತೂ ನಡೆಯುತ್ತಿರುವ ಒಂದು ಕೆಲಸ. ನುರಿತವರ ಕೈಯಲ್ಲಿಯೂ ಪಿಕ್ ತಿರುಗುತ್ತದೆ. ಎರಡು ಮೀಟುಗಳ ನಡುವೆ ಅವರ ಬೆರಳು ಅದನ್ನು ಸ್ವಸ್ಥಾನಕ್ಕೆ ತರುತ್ತದೆ. ಅದು ಜಾರಿದಾಗಲೆಲ್ಲ ಮಗು ತಪ್ಪಿತಸ್ಥನಂತೆ ನಮ್ಮ ಮುಖ ನೋಡಬೇಕಾಗಿಲ್ಲ.

ಜಾರೀತೆಂಬ ಭಯದಿಂದಲೇ ಮಕ್ಕಳು ಬಿಗಿಹಿಡಿಯುತ್ತಾರೆ. ಬಿಗಿದ ಬಿಲ್ಲೆ ತಂತಿಗೆ ದಾರಿ ಕೊಡದೆ ಅದನ್ನು ಕೀಳುತ್ತದೆ, ನಾದ ಒರಟಾಗುತ್ತದೆ. ಹೆಬ್ಬೆರಳಿನ ಬಿಗಿ ಮಣಿಕಟ್ಟಿಗೆ, ಅಲ್ಲಿಂದ ಮುಂಗೈಗೆ ಏರುತ್ತದೆ. ಬಿಗಿದ ಮಣಿಕಟ್ಟು ವೇಗವಾಗಿ ಆಡಲಾರದು. ಅಂಟದ ಬಿಲ್ಲೆಗೆ ಬಲ ಮದ್ದಲ್ಲ, ಉಪಾಯ ಮದ್ದು. ವರ್ಷವಿಡೀ ಬೆವರುವ ಈ ಊರಿನಲ್ಲಿ ನುಣುಪಾದ ಪಿಕ್ಕಿಗಿಂತ ಒರಟು ಮೈಯುಳ್ಳದ್ದನ್ನು ಆರಿಸಿಕೊಳ್ಳಿ. ಪಕ್ಕದಲ್ಲಿ ಒಂದು ವಸ್ತ್ರವಿರಲಿ. ಸರೋದಿನ ಜವಾದ ಹಿಡಿಕೆಗೆ ಮೇಣವನ್ನೋ ದಾರವನ್ನೋ ಮೆತ್ತಿಕೊಳ್ಳುವ ವಾದಕರಿದ್ದಾರೆ. ಜೊತೆಗೆ, ಪಿಕ್ಕಿನ ಅಗಲವನ್ನು ತಂತಿಗೆ ಚಪ್ಪಟೆಯಾಗಿ ಒಡ್ಡದೆ ಅಂಚನ್ನು ಸ್ವಲ್ಪ ಓರೆಮಾಡಿದರೆ, ಅದು ತಂತಿಯ ಮೇಲೆ ಜಾರಿ ಸಾಗುತ್ತದೆ, ಸಿಕ್ಕಿಕೊಳ್ಳುವುದಿಲ್ಲ. ಒಂದು ಎಚ್ಚರಿಕೆ: ವಿಶ್ರಾಂತಿಯಿಂದಲೂ ಹೋಗದ ನೋವೋ ಜೋಮೋ ಇದ್ದರೆ ಸಾಧನೆಯೆಂದು ಸಹಿಸದೆ ವೈದ್ಯರಿಗೆ ತೋರಿಸಬೇಕು.

ಇಷ್ಟು ಹೇಳಿದ ಮೇಲೆ, 'ಇದೊಂದೇ ಸರಿಯೆ?' ಎಂಬ ಪ್ರಶ್ನೆ ಏಳುತ್ತದೆ. ಜಗತ್ಪ್ರಸಿದ್ಧ ವಾದಕರನ್ನು ನೋಡಿದರೆ ಅಲ್ಲವೆಂದೇ ಹೇಳಬೇಕು. ಎಡ್ಡಿ ವ್ಯಾನ್ ಹೇಲನ್ ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಪಿಕ್ ಹಿಡಿಯುತ್ತಿದ್ದರು. ಪ್ಯಾಟ್ ಮೆಥೀನಿ ಮೊನೆಯನ್ನು ಬಿಟ್ಟು ದುಂಡನೆಯ ಮೂಲೆಯಿಂದ ಮೀಟುತ್ತಾರೆ. ವೆಸ್ ಮಾಂಟ್‌ಗೊಮರಿ (1923–1968) ಪಿಕ್ಕನ್ನೇ ಒಲ್ಲದೆ ಹೆಬ್ಬೆರಳಿನಿಂದ ನುಡಿಸಿದರು. ರಾತ್ರಿಯ ಅಭ್ಯಾಸದಿಂದ ನೆರೆಹೊರೆಯವರ ನಿದ್ದೆ ಕೆಡದಿರಲೆಂದು ಹಾಗೆ ಆರಂಭಿಸಿದರೆಂದು ಹೇಳುತ್ತಾರೆ. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ವಾಸಿಸುವ ನಿಮಗೆ ಆ ಸೌಜನ್ಯದ ಬೆಲೆ ಗೊತ್ತು. ಹಾಗಾದರೆ ಹೇಗೆ ಹಿಡಿದರೂ ಆದೀತೆ? ಅದೂ ಅಲ್ಲ. ಆ ಮಹನೀಯರು ತಮಗೆ ಬೇಕಾದ ನಾದವನ್ನು ಕಿವಿಯಲ್ಲಿ ಇಟ್ಟುಕೊಂಡು, ಆ ನಾದಕ್ಕೆ ಒಗ್ಗುವಂತೆ ಕೈಯನ್ನು ತಿದ್ದಿಕೊಂಡವರು. ಹಿಡಿತ ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಅಧಿಕಾರ ಕಣ್ಣಿಗಿಲ್ಲ, ಕಿವಿಗಿದೆ. ನಾನು ಈ ಸಂಜೆ ಹೇಳಬೇಕೆಂದು ಬಂದದ್ದು ಇದೊಂದನ್ನೇ.

ಆ ಕಿವಿಯನ್ನು ಬೆಳೆಸುವುದು ಹೇಗೆ? ನಮ್ಮ ಪೂರ್ವಿಕರು ಅದಕ್ಕೊಂದು ಸಾಧನವನ್ನು ಸಿದ್ಧಪಡಿಸಿಯೇ ಇಟ್ಟಿದ್ದಾರೆ. ಪುರಂದರದಾಸರ ಹೆಸರಿನೊಡನೆ ಬೆಸೆದುಕೊಂಡಿರುವ ಪ್ರಾರಂಭಿಕ ಪಾಠಗಳಲ್ಲಿ ಸರಳೆಯ ಅನಂತರ ಬರುವ ಜಂಟಿ ವರಸೆಯನ್ನು ನಿಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಹಾಡಿರುತ್ತೀರಿ: ಸಸ ರಿರಿ ಗಗ ಮಮ, ಪಪ ದದ ನಿನಿ ಸಸ. ಮಾಯಾಮಾಳವಗೌಳದ ಈ ಸ್ವರಗಳನ್ನು ಗಿಟಾರಿನ ಒಂದೇ ತಂತಿಯ ಮೇಲೆ ನುಡಿಸಬಹುದು. ಬಿಟ್ಟ ತಂತಿ ಷಡ್ಜವಾದರೆ ಮೆಟ್ಟಿಲುಗಳು ಕ್ರಮವಾಗಿ 1, 4, 5, 7, 8, 11, 12. ಪ್ರತಿ ಜೋಡಿಯ ಮೊದಲ ಸ್ವರಕ್ಕೆ ಪಿಕ್ ಕೆಳಕ್ಕೆ, ಎರಡನೆಯದಕ್ಕೆ ಮೇಲಕ್ಕೆ ಹೋಗಲಿ. ಕೆಳಗಿನ ಮೀಟು ಸಹಜವಾಗಿ ಬಲವಾದದ್ದು, ಮೇಲಿನದು ಕೃಶವಾದದ್ದು. ಆದರೆ ಜಂಟಿ ಹಾಡಿಸುವಾಗ ಗುರುಗಳು ಒತ್ತು ಕೊಡಿಸುವುದು ಎರಡನೆಯ ಸ್ವರಕ್ಕೆ! ಆದ್ದರಿಂದ ನಮ್ಮ ಜಂಟಿ ವರಸೆ ಗಿಟಾರಿನ ಬಲಗೈಯ ದುರ್ಬಲ ಮೀಟಿಗೇ ನೇರವಾಗಿ ವ್ಯಾಯಾಮ ಕೊಡುತ್ತದೆ. ಎರಡೂ ಸ್ವರಗಳು ಒಂದೇ ತೂಕದಲ್ಲಿ ಕೇಳಿಬರುವ ದಿನ, ಆ ಮಗುವಿಗೆ ತನ್ನ ಹಿಡಿತ ಸಿಕ್ಕಿತೆಂದು ತಿಳಿಯಿರಿ. ಬಾಯಲ್ಲಿ ಬೋಲು ಹೇಳಿಕೊಳ್ಳುವುದಾದರೆ ಸರೋದಿನವರಂತೆ ಕೆಳಮೀಟಿಗೆ 'ದಾ', ಮೇಲ್ಮೀಟಿಗೆ 'ರಾ' ಎನ್ನಲಿ. ಸಿತಾರಿನಲ್ಲಿ ಬೆರಳನ್ನು ತನ್ನ ಕಡೆಗೆ ಸೆಳೆಯುವುದೇ 'ದಾ' ಆದ್ದರಿಂದ, ಸಿತಾರ್ ಬಲ್ಲ ಹಿರಿಯರು ಮನೆಯಲ್ಲಿದ್ದರೆ ದಿಕ್ಕಿನ ವಿಷಯದಲ್ಲಿ ಮಗುವನ್ನು ಗೊಂದಲಕ್ಕೆ ಗುರಿಮಾಡಬಾರದು.

ತಂದೆತಾಯಿಯರಲ್ಲಿ ನನ್ನದೊಂದು ವಿನಂತಿ. ಗಿಟಾರು ನಿಮಗೆ ಬಾರದಿರಬಹುದು. ಜಂಟಿ ವರಸೆ ಬರುತ್ತದೆ. ದಿನಕ್ಕೆ ಹತ್ತು ನಿಮಿಷ ಮಗುವಿನ ಎದುರು ಕುಳಿತು ನೀವು ಹಾಡಿ, ಅದು ನುಡಿಸಲಿ. 'ಹೀಗೆ ಹಿಡಿ, ಹಾಗೆ ಹಿಡಿ' ಎನ್ನಬೇಡಿ; ಅದು ಮೇಷ್ಟ್ರ ಕೆಲಸ. 'ಎರಡು ಸಾ ಒಂದೇ ತರಹ ಕೇಳಿಸಿತೇನಪ್ಪಾ?' ಎಂದಷ್ಟೇ ಕೇಳಿ. ಉತ್ತರಕ್ಕಾಗಿ ಮಗು ತನ್ನ ಕೈಯನ್ನು ತಾನೇ ವಿಚಾರಿಸಿಕೊಳ್ಳುತ್ತದೆ. ವಿದೇಶದಲ್ಲಿ ಬೆಳೆಯುವ ಮಕ್ಕಳು ನಮ್ಮ ಸಂಗೀತದಿಂದ ದೂರವಾಗುತ್ತಾರೆಂಬ ವ್ಯಥೆಯನ್ನು ನಿಮ್ಮ ಮಾತುಗಳಲ್ಲಿ ಕೇಳಿದ್ದೇನೆ. ಅವರು ಆರಿಸಿಕೊಂಡ ವಾದ್ಯ ಅನ್ಯವೆಂದು ನಾವು ದೂರ ನಿಂತರೆ ಆ ವ್ಯಥೆ ನಿಜವಾಗುತ್ತದೆ. ಆ ವಾದ್ಯದ ಪಕ್ಕದಲ್ಲೇ ನಾವು ಹೋಗಿ ಕುಳಿತರೆ, ಅದರ ತಂತಿಯ ಮೇಲೂ ಮಾಯಾಮಾಳವಗೌಳ ನುಡಿಯುತ್ತದೆ.

ಈಗ ಮಕ್ಕಳು ತಮ್ಮ ಗಿಟಾರುಗಳನ್ನು ಚೀಲದಿಂದ ಹೊರತೆಗೆಯಲಿ. ಹಿರಿಯರು ಶ್ರುತಿ ಹಿಡಿಯಲಿ. ಒಂದನೆಯ ಕಾಲದಲ್ಲಿ, ನಿಧಾನವಾಗಿ, ಜಂಟಿ ವರಸೆಯನ್ನು ಎಲ್ಲರೂ ಕೂಡಿ ಆರಂಭಿಸೋಣ.